ಮಾಮೆ ಡುಫಿಯೆಯ ಮುಯ್ಯಾಳುಗಳು

'ನನ್ನ ಮಗ ಕ್ಯಾನ್ಸರ್ ಹಿಡೀತಾನೆ' ಅಂತ ನಮ್ಮಮ್ಮ ನಮ್ಮೂರು ಕುಮಾಸಿಯ ಅರ್ಧ ಚರ್ಚಿಗೆ ಹೇಳಿಕೊಂಡು ಬಂದಿದ್ದಾಳೆ. ನಿಜವಾಗಿ ಹಿಡಿಯುವವರು ಡಾಕ್ಟರ್ ಸೆನಾ. ನಾನು ಆಸ್ಪತ್ರೆಯ ಲ್ಯಾಬಿನಲ್ಲಿ ರೋಗಿಯ ಗಂಟಿನ ಚೂರನ್ನು ಮೇಣದಲ್ಲಿ ಕೂರಿಸಿ, ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಕೊಯ್ದು, ಗಾಜಿನ ಮೇಲಿಟ್ಟು ಬಣ್ಣ ಕುಡಿಸಿ, ಅವರ ಮೈಕ್ರೋಸ್ಕೋಪಿನ ಕೆಳಗೆ ತಳ್ಳಿ ಪಕ್ಕಕ್ಕೆ ಸರಿಯುವವನು. ಆದರೂ ಅಮ್ಮನ ಮಾತನ್ನು ತಿದ್ದಲು ಹೋಗಿಲ್ಲ. ಸಂಬಳವಂತೂ ಏರುವುದಿಲ್ಲ, ಹೆಸರಾದರೂ ಏರಲಿ.

ಮಾಮೆ ಡುಫಿಯೆ ದೊಡ್ಡ ಮಾರುಕಟ್ಟೆಯಲ್ಲಿ ಹೆಗ್ಗೆಣಸು ಮಾರುವಾಕೆ. ಅಮ್ಮನ ವಯಸ್ಸಿನವರನ್ನು ನಾವು ಮಾಮೆ ಅನ್ನುತ್ತೇವೆ. ಮದುವೆಯಾಗಿದ್ದೂ, ಗಂಡನನ್ನು ಬಿಟ್ಟಿದ್ದೂ, ಮಕ್ಕಳನ್ನು ಓದಿಸಿದ್ದೂ ಆ ಗೆಣಸಿನ ರಾಶಿಯ ಮೇಲೆ ಕೂತೇ. ಗೆಣಸನ್ನು ಬೆರಳಿನಿಂದ ತಟ್ಟಿ ಒಳಗಿನ ಕೊಳೆ ಹೇಳುತ್ತಾಳೆ ಅಂತ ಮಾರುಕಟ್ಟೆಯಲ್ಲಿ ಹೆಸರು. ತನ್ನ ಎದೆಯ ಗಂಟನ್ನು ಮಾತ್ರ ತಟ್ಟಿ ನೋಡದೆ, ಬಟ್ಟೆ ಬಿಗಿದು ಕಾಲ ತಳ್ಳಿದ್ದಳು.

ಆಕೆಯ ಗಾಜನ್ನು ನೋಡಿದ ದಿನ ಡಾಕ್ಟರ್ ಸೆನಾ ನನ್ನನ್ನೂ ಕರೆದು ತೋರಿಸಿದರು. ಗಂಟಿನ ಉದ್ದಗಲಕ್ಕೂ ಸಜ್ಜೆಕಾಳು ಚೆಲ್ಲಿದಂತೆ ನೀಲಿ ಚುಕ್ಕೆಗಳು. ಮೈ ಕಾಯುವ ಬಿಳಿ ರಕ್ತಕಣಗಳು. ಆಕೆಯದು ಹಾರ್ಮೋನಿನ ಗುಳಿಗೆಗೆ ಬಗ್ಗದ ಒರಟು ಜಾತಿಯ ಕ್ಯಾನ್ಸರು. ಅಂಥದ್ದರೊಳಗೆ ಈ ಕಣಗಳು ಇಷ್ಟು ದಟ್ಟವಾಗಿ ನುಗ್ಗಿದ್ದರೆ ಔಷಧಿ ನಾಟುವ ಸಂಭವ ಹೆಚ್ಚು.

ನಮ್ಮಲ್ಲಿ ಗಾಜು ನೋಡುವವರೂ ಅವರೇ, ರೋಗಿಗೆ ಹೇಳುವವರೂ ಅವರೇ. ಆದರೆ ವೋಲ್ಟಾ ನದಿಯಾಚೆಯವರಾದ ಅವರಿಗೆ ನಮ್ಮ ಟ್ವಿ ಮಾತು ನಮಸ್ಕಾರ ದಾಟಿ ಬರುವುದಿಲ್ಲ. ಮಾಮೆ ಫಲಿತಾಂಶ ಕೇಳಲು ಬಂದು ಕೂತಾಗ, "ಒಪೊಕು, ನೀನು ಹೇಳು" ಅಂದರು. ನಾನೋ, ಇಂಥದ್ದಕ್ಕೇ ಕಾದಿದ್ದವನು.

"ಮಾಮೆ, ಒಳ್ಳೆ ಸುದ್ದಿ! ನಿಮ್ಮ ಗಂಟಿನೊಳಗೆ ಸಿಪಾಯಿಗಳು ಬಂದಿದ್ದಾರೆ!"

"ಎಷ್ಟು ಜನ?"

"ದಂಡಿಗೆ ದಂಡೇ!"

ಆಕೆ ಎದ್ದು ಸೊಂಟದ ಬಟ್ಟೆ ಬಿಗಿದಳು. "ಲೋ, ಸಿಪಾಯಿ ಬಂದದ್ದು ಒಳ್ಳೆ ಸುದ್ದಿ ಅಂತ ನಿನಗೆ ಹೇಳಿದವರ್ಯಾರೋ? ನಾನು ಚಿಕ್ಕೋಳಿದ್ದಾಗ, ಜಾಸ್ತಿ ಬೆಲೆಗೆ ಮಾರ್ತೀರಿ ಅಂತ ಮಾರುಕಟ್ಟೆಗೆ ಬಂದಿದ್ರು. ನಮ್ಮಮ್ಮನ ರಾಶೀನ ಬೂಟುಗಾಲಲ್ಲಿ ತುಳಿದು, ಬೆನ್ನಿಗೆ ಬೆಲ್ಟಿನಲ್ಲಿ ಬಾರಿಸಿದ್ರು. ಈಗ ನನ್ನ ಎದೆಗೂ ಬಂದ್ರಾ? ಬೇಡಪ್ಪ ನಿಮ್ಮ ಔಷಧಿ. ಪ್ರಾರ್ಥನೆ ಶಿಬಿರಕ್ಕೆ ಹೋಗ್ತೀನಿ."

"ಏನಂದೆ ನೀನು?" ಅಂದರು ಡಾಕ್ಟರ್.

"ಒಳ್ಳೆ ಸುದ್ದಿ ಅಂದೆ."

"ಒಳ್ಳೆ ಸುದ್ದಿ ಕೇಳಿ ಯಾರಾದ್ರೂ ಹೀಗೆ ಓಡ್ತಾರಾ?"

ಶಿಬಿರಕ್ಕೆ ಹೋದವರು ವಾಪಸ್ ಬರುವುದಿಲ್ಲ ಅಂತಲ್ಲ, ಬರುತ್ತಾರೆ. ಗಂಟು ಚರ್ಮ ಒಡೆದ ಮೇಲೆ. ನಾನು ಹಿಂದೆ ಓಡಿದೆ.

"ಮಾಮೆ, ತಪ್ಪಾಯ್ತು! ಸಿಪಾಯಿಗಳಲ್ಲ, ಒಂಥರಾ ಪೊಲೀಸರು..."

"ಪೊಲೀಸರಾ! ಅವರ ಕೈ ಬೇರೆ ಬೆಚ್ಚಗೆ ಮಾಡ್ಬೇಕಾ?"

ನನ್ನ ಪಾಂಡಿತ್ಯ ಅಲ್ಲಿಗೆ ಮುಗಿಯಿತು. ಬಾಗಿಲ ಹತ್ತಿರ ಆಕೆಯ ತೋಳು ಹಿಡಿದು ನಿಂತಾಗ ನೆನಪಾದದ್ದು ತಾತನ ಕೋಕೋ ತೋಟ. ಕಳೆ ಏರಿದಾಗ ಊರವರೆಲ್ಲ ಮುಯ್ಯಾಳಾಗಿ ಬರುತ್ತಿದ್ದರು. ಇವತ್ತು ನಿನ್ನ ತೋಟ, ನಾಳೆ ನನ್ನದು. ನೊಬೊವಾ ಅನ್ನುತ್ತೇವೆ.

"ನೊಬೊವಾ, ಮಾಮೆ. ಕಳೆ ಕೀಳೋಕೆ ಬಂದವರು."

ಆಕೆ ನಿಂತಳು. "ಕರೆದವರ್ಯಾರು?"

"ನಿಮ್ಮ ಮೈಯೇ. ಅವರೆಲ್ಲ ನಿಮ್ಮ ಕಡೆಯವರೇ."

"ಮತ್ತೆ ಗಂಟು ಯಾಕೆ ಬೆಳೀತಾ ಇದೆ? ನೆರಳಲ್ಲಿ ಮಲಗಿದ್ದಾರೇನು?"

"ಕಳೆ ಆಳೆತ್ತರ ಆಗಿದೆ. ಬರಿಗೈಲಿ ಬಂದಿದ್ದಾರೆ. ಔಷಧಿ ಅಂದ್ರೆ ಮಚ್ಚು ಅಂದ್ಕೊಳ್ಳಿ."

ಒಳಗೆ ಬಂದು ಕೂತಳು. "ಮಚ್ಚು ಕೊಟ್ರೆ ತೋಟ ಚೊಕ್ಕಾಗುತ್ತಾ ಅಂತ ಕೇಳು."

"ಸಂಭವ ಜಾಸ್ತಿ. ಖಾತ್ರಿ ಕೊಡಲಾರೆ" ಅಂದರು ಡಾಕ್ಟರ್. ಈ ಸಲ ನಾನು ಉಪ್ಪುಖಾರ ಹಚ್ಚದೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

"ಯಾರೂ ಬಾರದ ಹೆಂಗಸರೂ ಇರ್ತಾರಾ?"

ಇರುತ್ತಾರೆ. ಅದೇ ವಾರ ಅಂಥದ್ದೊಂದು ಗಾಜಿಗೂ ಬಣ್ಣ ಹಾಕಿದ್ದೆ. ಗುಲಾಬಿ ಬಯಲು, ಒಂದು ಚುಕ್ಕೆಯಿಲ್ಲ. "ಅವರಿಗೂ ಮಚ್ಚು ಕೊಡ್ತೀವಿ, ಮಾಮೆ. ಕೀಳೋ ಕೈ ಕಮ್ಮಿ ಇರುತ್ತೆ."

"ಅವತ್ತು ನಮ್ಮಮ್ಮನ ಹತ್ರ ಯಾರೂ ಬರಲಿಲ್ಲ ಮಗನೇ. ಎಲ್ಲರೂ ತಂತಮ್ಮ ಗೆಣಸು ಮುಚ್ಚಿಟ್ಕೊಂಡ್ರು." ಆಮೇಲೆ ಡಾಕ್ಟರ ಕಡೆ ತಿರುಗಿ, "ಕೊಡಿ" ಅಂದಳು.

ಕೂದಲು ಹೋಯಿತು. ಬಾಯಿರುಚಿ ಹೋಯಿತು. ತಲೆಗೆ ಬಟ್ಟೆ ಸುತ್ತಿಕೊಂಡು, ವಾಂತಿಯಿಲ್ಲದ ದಿನಗಳಲ್ಲಿ ರಾಶಿಯ ಮುಂದೆ ಕೂತಳು. ಕೊನೆಗೆ ಶಸ್ತ್ರಕ್ರಿಯೆಯಾಗಿ ತೆಗೆದ ಭಾಗ ನನ್ನ ಮೇಜಿಗೆ ಬಂತು. ಅವತ್ತು ಮೊದಲ ಕೊಯ್ತ ಹರಿದೇ ಹೋಯಿತು.

ಡಾಕ್ಟರ್ ಸೆನಾ ಗಾಜುಗಳನ್ನು ಒಂದೊಂದಾಗಿ ನೋಡಿ, ಮೊದಲಿನಿಂದ ಮತ್ತೊಮ್ಮೆ ನೋಡಿದರು. ಕ್ಯಾನ್ಸರ್ ಕಾಣಲಿಲ್ಲ. ಗಂಟಿದ್ದ ಜಾಗದಲ್ಲಿ ಗಾಯ ಮಾಗಿದ ಕಲೆ, ನಡುವೆ ಅಲ್ಲೊಂದು ಇಲ್ಲೊಂದು ನೀಲಿ ಚುಕ್ಕೆ.

"ಕಳೆ ಹೋಗಿದೆ, ಮಾಮೆ. ಆದ್ರೂ ತಪಾಸಣೆಗೆ ಬರ್ತಾ ಇರ್ಬೇಕಂತೆ."

"ಬರ್ತೀನಿ. ನಮ್ಮವರು?"

"ಒಬ್ಬಿಬ್ಬರು ಇನ್ನೂ ಅಲ್ಲೇ ಇದ್ದಾರೆ."

"ಇರದೆ ಏನು ಮಾಡ್ತಾರೆ? ನೊಬೊವಾಕ್ಕೆ ಬಂದವರನ್ನ ಉಣ್ಣಿಸದೆ ಕಳಿಸ್ತಾರೇನೋ!"

ನನ್ನ ಮೊಣಕೈ ಹಿಡಿದು ಎದುರಿನ ಫುಫು ಮುದ್ದೆಯ ಅಂಗಡಿಗೆ ಎಳೆದೊಯ್ದಳು. ಆಡುಮಾಂಸದ ಸಾರಿನಲ್ಲಿ ಅದ್ದಿದ ಮೊದಲ ತುತ್ತನ್ನು ಕಣ್ಣು ಮುಚ್ಚಿ ನುಂಗಿದಳು. ಖಾರ ಹತ್ತಿ ಕೆಮ್ಮು ಬಂತು. ಖಾರ ಹತ್ತಿದ್ದಕ್ಕೇ ಆಕೆಗೆ ಖುಷಿ.

"ನೀನೂ ಉಣ್ಣು," ಅಂದಳು. "ಪೊಲೀಸರು ಅಂದೋನು ನೀನು. ಆದ್ರೂ ಉಣ್ಣು."