ಮನೆಯವರು ಇದ್ದಾರಾ?

ಬೀದಿಯವರು ಅವಳಿಗೆ ಇಟ್ಟ ಹೆಸರು ಚೀಟಿಯಕ್ಕ. ಇಪ್ಪತ್ತೆರಡು ವರ್ಷದಿಂದ ಅದೇ ಆರು ಬೀದಿಗೆ ಅಂಚೆ ಹಂಚುವ ಹೆಂಗಸು. ಮನೆಯಲ್ಲಿ ಯಾರೂ ಇಲ್ಲವೆಂದರೆ ಮುಗಿಯಿತು. ಮೆಟ್ಟಿಲ ಮೇಲೆ ಇಟ್ಟುಬಿಡಿ, ಕಿಟಕಿಯಲ್ಲಿ ತುರುಕಿ ಎಂದು ಫೋನಿನಲ್ಲಿ ಎಷ್ಟು ಗೋಗರೆದರೂ, ಜಪ್ಪಯ್ಯ ಅಂದರೂ ಬಗ್ಗುವವಳಲ್ಲ. ಚೀಟಿ ಬರೆದು ಬಾಗಿಲ ಸಂದಿಗೆ ಸಿಕ್ಕಿಸಿ ಪಾರ್ಸೆಲ್ ವಾಪಸ್ ಹೊತ್ತುಕೊಂಡು ಹೋಗುವಳು. ಸ್ವಂತ ತಂಗಿಯ ಮನೆಗೂ ಹಾಗೇ ಮಾಡಿದಳು. "ಬೀಗದ ಕೈ ನಿನ್ನ ಹತ್ರಾನೇ ಇತ್ತಲ್ಲೇ, ಒಳಗಿಡೋಕೆ ಏನು ದಾಡಿ?" ಎಂದು ತಂಗಿ ರೇಗಿದರೆ, "ಕೀ ಕೊಟ್ಟಿರೋದು ಅಕ್ಕನಿಗೆ, ಅಂಚೆಯವಳಿಗಲ್ಲ" ಅಂದಳು.

ಇದು ಸೊಕ್ಕು ಅಂತ ತಿಳಿಯಬೇಡಿ. ಕೆಲಸಕ್ಕೆ ಸೇರಿದ ಮೊದಲ ವರ್ಷ ಯಾರದೋ ಮಾತು ಕೇಳಿ ಹೂಕುಂಡದ ಹಿಂದೆ ಒಂದು ಡಬ್ಬಿ ಬಿಟ್ಟು ಬಂದಿದ್ದಳು. ಸಂಜೆಗೆ ಡಬ್ಬಿ ಮಾಯ. ಅದರಲ್ಲಿದ್ದದ್ದು ಒಬ್ಬ ಅಜ್ಜನ ಕನ್ನಡಕ. ಅಜ್ಜ ಮೂರು ವಾರ ಗೋಡೆ ತಡವಿಕೊಂಡು ಓಡಾಡಿದ್ದನ್ನು ಅವಳು ದಿನಾ ನೋಡಿದಳು. ಅವತ್ತಿನಿಂದ ನಿಯಮ ಅಂದರೆ ನಿಯಮ.

ಈ ಸಲ ಕಾಲು ಉಳುಕಿ ಎಂಟು ದಿನ ರಜೆ ಹಾಕಿದಳು. ಬದಲಿಗೆ ಬಂದವನು ಪಕ್ಕದ ಬಡಾವಣೆಯ ಹಳೇ ಹುಲಿ, ಎಲ್ಲರಿಗೂ ದೊಡ್ಡಣ್ಣ. ಮಂಗಳವಾರ ಕುಂಟುತ್ತಾ ಕೆಲಸಕ್ಕೆ ಬಂದವಳು ಮೊದಲು ನೋಡಿದ್ದು, ಕಳಿಸಿದವರಿಗೆ ವಾಪಸ್ ಹೋಗುವ ಪಾರ್ಸೆಲ್‌ಗಳ ಪಟ್ಟಿ. ಮೂರನೇ ಸಾಲಿನ ಮೇಲೆ ಅವಳ ಬೆರಳು ನಿಂತಿತು. ಟೈಲರಮ್ಮನ ಪಾರ್ಸೆಲ್! ಒಯ್ದ ಮೂರು ದಿನವೂ ಒಂದೇ ಷರಾ: ಮನೆಯವರಿಲ್ಲ.

ಟೈಲರಮ್ಮನ ಮಗಳಿಗೆ ಮೂರು ವರ್ಷ, ಕಿವಿ ಕೇಳಿಸದು. ಒಂದು ವರ್ಷ ಕಾದ ಮೇಲೆ ಕಿವಿಯ ಮಿಷನ್ ಅಂಚೆಯಲ್ಲಿ ಬರುತ್ತಿದೆ, ಬುಧವಾರ ಬೆಳಿಗ್ಗೆ ಡಾಕ್ಟರು ಅದನ್ನು ಹಾಕಿಕೊಡುತ್ತಾರೆ, ಅವತ್ತು ತಪ್ಪಿದರೆ ಇನ್ನು ನಾಲ್ಕು ತಿಂಗಳು ಸರದಿ ಇಲ್ಲ ಎಂದು ಆಕೆ ಅಕ್ಕನ ಕೈ ಹಿಡಿದು ಹೇಳಿದ್ದಳು. ಬುಧವಾರ ಅಂದರೆ ನಾಳೆ.

"ದೊಡ್ಡಣ್ಣ, ಆಕೆ ಬೆಳಗಿನಿಂದ ಸಂಜೆ ತನಕ ಹೊಲಿಗೆ ಮಿಷನ್ ಮುಂದೇನೇ ಕೂತಿರ್ತಾಳೆ. ಬಾಗಿಲು ಯಾರೂ ತೆಗೀಲಿಲ್ವಾ?"

"ತೆಗೆದ್ಲಮ್ಮ ಯಾರೋ ಒಬ್ಬಳು. ಮೈಯೆಲ್ಲಾ ನೂಲು, ಕೈಯಲ್ಲಿ ಕತ್ತರಿ. ಕೆಲಸದವಳು ಅಂದ್ಕೊಂಡೆ. ಮನೆಯವರು ಇದ್ದಾರಾ ಅಂತ ಕೇಳಿದೆ. ಇಲ್ಲ, ಬರೋದು ಇನ್ನೂ ಆರು ತಿಂಗಳು ಅಂದ್ಲು. ಮೂರು ದಿನಾನೂ ಅದೇ ಮಾತು. ಮನೆಯವರ ಕೈಗೇ ಕೊಡಬೇಕು ಅಂತ ತಾನೇ ನಿಯಮ?"

ಅಕ್ಕ ಹಣೆ ಚಚ್ಚಿಕೊಂಡಳು. "ನಿಮ್ಮ ತಲೆ! ನೀವು ಕೇಳಿದ್ದು ಮನೆ ಜನಾನ, ಅವಳು ಹೇಳಿದ್ದು ಗಂಡನ್ನ. ಆಕೆ ಗಂಡ ಹಡಗಲ್ಲಿದ್ದಾನೆ!"

ದೊಡ್ಡಣ್ಣನ ಮುಖ ಸಣ್ಣದಾಯಿತು.

ಅಕ್ಕ ನೆಟ್ಟಗೆ ಪೋಸ್ಟ್‌ಮಾಸ್ಟರ್ ಸಾಹೇಬರ ಕೋಣೆಗೆ ನುಗ್ಗಿದಳು. ಸಾಹೇಬರು ಕೈ ಚೆಲ್ಲಿದರು. ಪಾರ್ಸೆಲ್ ಇಟ್ಟುಕೊಳ್ಳುವ ಏಳು ದಿನ ಮುಗಿದಿದೆ, ಕಂಪ್ಯೂಟರಿನಲ್ಲಿ ಹೊಡೆದಾಗಿದೆ, ಚೀಲಕ್ಕೆ ಸೀಲ್ ಬಿದ್ದಿದೆ, ಮೂರೂವರೆಗೆ ವ್ಯಾನು. "ನಿಯಮ ಮುರಿ ಅಂತ ನೀನೇ ಹೇಳ್ತೀಯೇನಮ್ಮಾ?"

"ಮುರೀಬೇಡಿ ಸಾರ್, ಪಾಲಿಸಿ. ಏಳು ದಿನ ಎಣಿಸೋದು ಯಾವತ್ತಿನಿಂದ? ಚೀಟಿ ಬಿಟ್ಟ ದಿನದಿಂದ. ಎಲ್ಲಿ, ಚೀಟಿ ಪುಸ್ತಕ ತರಿಸಿ."

ಪುಸ್ತಕ ಬಂತು. ಆ ಮನೆಗೆ ಒಂದೂ ಚೀಟಿ ಹರಿದಿರಲಿಲ್ಲ. ಬಾಗಿಲು ತೆಗೆದವಳ ಹತ್ತಿರ ಮಾತಾಡಿದ ಮೇಲೆ ಚೀಟಿ ಯಾಕೆ ಅಂತ ದೊಡ್ಡಣ್ಣ ಸುಮ್ಮನಾಗಿದ್ದ.

"ಚೀಟಿ ಇಲ್ಲ ಅಂದ್ರೆ ಮೊದಲ ದಿನಾನೇ ಶುರುವಾಗಿಲ್ಲ ಸಾರ್. ಆ ಚೀಲ ಹೋಗಕೂಡದು."

"ಸೀಲ್ ಒಡೆದರೆ ಮೇಲಿನವರಿಗೆ ಉತ್ತರ ಕೊಡೋರು ಯಾರು?"

"ನಾನು." ಅಲ್ಲೇ ನಿಂತು ಹೊಣೆ ನನ್ನದೆಂದು ಬರೆದಳು, ಕೆಳಗೆ ಸಹಿ ಗೀಚಿದಳು. ಗಂಟೆ ಮೂರೂಕಾಲು. ಸಾಹೇಬರು ಗೊಣಗುತ್ತಾ ಕತ್ತರಿ ತೆಗೆದುಕೊಂಡರು.

ಕಾಲು ಎಳೆಯುತ್ತಾ ಮೂರು ಬೀದಿ ನಡೆದು ಬಾಗಿಲು ತಟ್ಟಿದಾಗ ಟೈಲರಮ್ಮ ಅಳುಮೋರೆ ಹಾಕಿಕೊಂಡೇ ಬಂದಳು. ಪಾರ್ಸೆಲ್ ನೋಡಿ ಬಾಯಿ ಬಿಟ್ಟಳು. ವಿಷಯ ಕೇಳಿ, "ಅಯ್ಯೋ ಅಕ್ಕ, ನಮ್ಮನೆಯವರ ಹೆಸರಿಗೆ ಏನೋ ಬಂದಿದೆ ಅಂದ್ಕೊಂಡೆನಲ್ಲಾ!" ಎಂದು ಬಾಗಿಲಿಗೆ ಒರಗಿದಳು.

ಅಕ್ಕನಿಗೆ ರೇಗಿತು, ಅದಕ್ಕಿಂತ ಹೆಚ್ಚು ಸಂಕಟವಾಯಿತು. "ಈ ಮನೆ ನಲ್ಲಿ ಕೆಟ್ಟರೆ ಓಡಾಡೋರು ಯಾರೇ?"

"ನಾನೇ."

"ಮಗೂನ ಆಸ್ಪತ್ರೆಗೆ ಹೊತ್ಕೊಂಡು ಹೋಗೋರು?"

"ನಾನೇ ಅಕ್ಕ."

"ಹಾಗಾದರೆ ಇಲ್ಲಿ ಮನೆಯವರು ಯಾರು? ಹಾಕು ಸಹಿ."

ಪಡೆದವರು ಯಾರು ಎನ್ನುವ ಕಡೆ ಟೈಲರಮ್ಮನ ಪೆನ್ನು ತಡೆಯಿತು. "ಇಲ್ಲೇನು ಬರೀಲಿ?"

"ಸ್ವತಃ ಅಂತ ಬರಿ. ದೊಡ್ಡದಾಗಿ."

ಬರೆದಳು. ಒಳಗೆ ಮಗು ಹೊಲಿಗೆ ಮಿಷನ್ನಿನ ಕೆಳಗೆ ಬೆನ್ನು ತಿರುಗಿಸಿ ಕೂತು ನೂಲಿನ ಉಂಡೆ ಉರುಳಿಸುತ್ತಿತ್ತು. ಇಷ್ಟು ಗಲಾಟೆಗೂ ತಿರುಗಿರಲಿಲ್ಲ. ಟೈಲರಮ್ಮ ದಿನದಂತೆ ಸುತ್ತಿ ಹೋಗಿ, ಅದರ ಮುಖದ ಎದುರಿಗೆ ಮಂಡಿಯೂರಿ ಕೂತು, ಡಬ್ಬಿ ತೋರಿಸಿದಳು.

"ನಾಳೆ ನಿನ್ನನ್ನ ಹಿಂದಿನಿಂದ ಕೂಗ್ತೀನಿ ಪುಟ್ಟಿ" ಅಂದಳು.