ಶಿವಮ್ಮತ್ತಿಯ ಬೆಂಡಿನ ವಿಮಾನ

ನಿನ್ನೆ ಬೆಳಿಗ್ಗೆ ಫ್ಯಾನಿನ ಧೂಳು ಒರೆಸಲು ಸ್ಟೂಲು ಹತ್ತಿದವನು, ಪಕ್ಕದಲ್ಲಿ ತೂಗುತ್ತಿದ್ದ ವಿಮಾನಕ್ಕೆ ಮೊಣಕೈ ತಾಗಿಸಿ ಅದನ್ನು ನೆಲಕ್ಕೆ ಕೆಡವಿದೆ. ಗಾಬರಿಯಾಗಬೇಡಿ, ಜೋಳದ ದಂಟಿನ ಬೆಂಡಿನಲ್ಲಿ ಮಾಡಿದ ಅಂಗೈಯಗಲದ ವಿಮಾನ ಅದು. ದಾರ ಹರಿದು ಬಿದ್ದರೂ ಸದ್ದಾಗಲಿಲ್ಲ. ಕೈಗೆತ್ತಿಕೊಂಡಾಗ ಕಣಿಕೆಯ, ಅಂದರೆ ಆ ಒಣ ದಂಟಿನ, ಹಳೆಯ ವಾಸನೆ ಮೂಗಿಗೆ ಬಡಿಯಿತು, ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಸ್ವಲ್ಪ ಹೊತ್ತು ಕಾದು ನೋಡಿದ ನನ್ನ ಹೆಂಡತಿ, ತಾನೇ ಸ್ಟೂಲು ಹತ್ತಿ ಫ್ಯಾನು ಒರೆಸಿದಳು.

ಬೀದರಿನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಬಂದವರಿಗೆ ಕೂರಲು ಜಾಗವಿಲ್ಲ, ಅಷ್ಟು ವಿಮಾನಗಳಿವೆ. ಔರಾದಿನ ಶಾಲೆಯಲ್ಲಿ ಚಿತ್ರಕಲೆ ಕಲಿಸಿ ನಿವೃತ್ತನಾದ ಮೇಲೆ ಅಂಟಿದ ಚಟ ಇದು. ನಮ್ಮ ಬೀದರಿನ ವಾಯುನೆಲೆಯಿಂದ ಒಂದು ಕಾಲಕ್ಕೆ ಹಾರುತ್ತಿದ್ದ ಕಿರಣ್ ತರಬೇತಿ ವಿಮಾನಗಳನ್ನು ನಕ್ಷೆ ನೋಡಿ, ಅಳತೆ ಹಿಡಿದು, ಮರದಲ್ಲಿ ಕೆತ್ತುತ್ತೇನೆ. ಅವು ಹೋಗಿ ಈಗ ಬೇರೆ ವಿಮಾನಗಳು ಬಂದಿವೆ. ಈ ವಿದ್ಯೆ ಯಾರು ಕಲಿಸಿದರು ಎಂದು ಕೇಳಿದವರಿಗೆ ಎದೆ ಸೆಟೆಸಿ ಹೇಳುತ್ತೇನೆ, ನಮ್ಮೂರು ಹಲಬರ್ಗಾದ ಶಿವಮ್ಮತ್ತಿ ಎಂದು.

ಶಿವಮ್ಮತ್ತಿ ನನ್ನ ಅಪ್ಪನ ಅಕ್ಕ. ಅವಳ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಮಕ್ಕಳಿರಲಿಲ್ಲ, ಹಾಗಾಗಿ ಓಣಿಯ ಮಕ್ಕಳೆಲ್ಲ ಅವಳವೇ. ಎಲ್ಲ ಕಡೆ ಮಾಡುವಂತೆ ಅವಳೂ ಮೊದಲು ಕಣಿಕೆ ಸುಲಿದು, ಒಳಗಿನ ಬಿಳಿ ಬೆಂಡಿಗೆ ಸಿಬಿರು ಚುಚ್ಚಿ ಮಕ್ಕಳಿಗೆ ಗಾಡಿ ಮಾಡಿಕೊಡುತ್ತಿದ್ದಳು. ವಿಮಾನಗಳು ದಿನವೂ ನಮ್ಮ ಹೊಲಗಳ ಮೇಲೇ ಹಾಯುತ್ತಿದ್ದವು. ಜೋಳಕ್ಕೆ ಕೂತ ಹಕ್ಕಿಗಳು ಆ ಸದ್ದಿಗೇ ಎದ್ದು ಹೋಗುತ್ತಿದ್ದುದರಿಂದ ಅವಳಿಗೆ ವಿಮಾನಗಳ ಮೇಲೆ ಬಹಳ ಪ್ರೀತಿ. ಕತ್ತೆತ್ತಿ ನೋಡಿ ನೋಡಿಯೇ ಅವಳು ವಿಮಾನ ಮಾಡತೊಡಗಿದಳು. ಬಿಳಿ ಬೆಂಡಿಗೆ ನಮ್ಮ ಕೆಂಪು ಮಣ್ಣು ಕಲಸಿ ಪಟ್ಟೆ ಬಳಿಯುತ್ತಿದ್ದಳು.

ಅವಳ ವಿಮಾನಗಳಿಗೆ ಹೊಟ್ಟೆ, ರೆಕ್ಕೆ, ಗಾಲಿ ಮಡಚಿಕೊಳ್ಳುವ ಗೆರೆ, ಎಲ್ಲ ಇದ್ದಂತೆಯೇ ಇರುತ್ತಿದ್ದವು. ಮೇಲ್ಭಾಗ ಮಾತ್ರ ರೊಟ್ಟಿ ಹಲಗೆಯಂತೆ ಚಪ್ಪಟೆ. ನಾನು ನಕ್ಕರೆ ಅವಳಿಗೆ ಸಿಟ್ಟು.

“ಮ್ಯಾಲ ಏನದ ಅಂತ ನನಗ ಹ್ಯಾಂಗ ಗೊತ್ತಾಗಬೇಕೋ ತಮ್ಮಾ? ನೋಡಿದಷ್ಟೇ ಮಾಡ್ತೇನಿ.”

ಅದಕ್ಕೇ ಅವೆಲ್ಲ ತೊಲೆಗೆ ತೂಗುತ್ತಿದ್ದವು. ಕೆಳಗೆ ನಿಂತು ನೋಡುವವರಿಗೆ ಅವುಗಳಲ್ಲಿ ಒಂದು ಕೊರತೆಯೂ ಕಾಣುತ್ತಿರಲಿಲ್ಲ. ನಾನು ಈಗ ನಕ್ಷೆ ನೋಡಿ ಅಳತೆ ನಿರ್ಧರಿಸುತ್ತೇನೆ. ಅತ್ತಿಯ ಅಳತೆ ಮಳೆಯದು. ಮಳೆ ಚೆನ್ನಾದ ವರ್ಷ ದಂಟು ದಪ್ಪ, ವಿಮಾನ ಮೊಳದುದ್ದ. ಮಳೆ ಕೈಕೊಟ್ಟರೆ ವಿಮಾನವೂ ಸೊರಗುತ್ತಿತ್ತು. ತೊಲೆ ನೋಡಿದರೆ ಸಾಕು, ಯಾವ ವರ್ಷ ಹೇಗಿತ್ತೆಂದು ತಿಳಿಯುತ್ತಿತ್ತು.

ಆಮೇಲೆ ಒಂದರ ಹಿಂದೊಂದು ಬರಗಾಲ ಬಂದವು. ಓಣಿಯ ಮನೆಗಳಿಗೆ ಬೀಗ ಬಿತ್ತು, ಮಂದಿ ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಹೊರಟರು. ಮಾಮಾ, ಅಂದರೆ ಅತ್ತಿಯ ಗಂಡ, ಹಿಂದಿನ ವರ್ಷ ಒಬ್ಬರೇ ಹೋಗಿ ಸೊರಗಿ ಬಂದಿದ್ದರು. ಈ ಸಲ ತಾನೂ ಬರುತ್ತೇನೆಂದು ಅತ್ತಿ ಹಟ ಹಿಡಿದಳು.

“ಅಲ್ಲಿ ತಗಡಿನ ಜೋಪಡಿ, ನೀರಿಗಿ ಪಾಳಿ. ನೀ ಬಂದು ಏನ್ ಮಾಡ್ತಿ? ಮನಿ ನೋಡ್ಕೊಂಡಿರು” ಎಂದರು ಮಾಮಾ.

“ಮನಿ ಎಲ್ಲಿಗಿ ಓಡಿ ಹೋಗ್ತದರಿ? ನಾನೂ ಇಟ್ಟಂಗಿ ಹೊರ್ತೇನಿ.”

ಮಾಮಾ ರುಮಾಲು ಸುತ್ತಿಕೊಂಡು ಹೊರಗೆ ನಡೆದರು. ಅಷ್ಟರಲ್ಲಿ ಮೇಲೆ ಒಂದು ವಿಮಾನ ಹಾಯಿತು. ಅತ್ತಿ ಅದನ್ನೇ ನೋಡುತ್ತ, ರಜೆಗೆ ಊರಿಗೆ ಬಂದಿದ್ದ ನನಗೆ, “ಅಂವನೂ ಒಬ್ಬನೇ ಹೊಂಟಾನ ನೋಡು. ಗಂಡಸ್ರೆಲ್ಲ ಹಂಗೇ” ಎಂದಳು.

ಆಗ ನಾನು ಬೀದರಿನಲ್ಲಿ ಓದುತ್ತಿದ್ದೆ. ಜನರಿಗೆ ವಿಮಾನ ತೋರಿಸಲು ಒಂದು ದಿನ ನೆಲೆಯ ಗೇಟು ತೆರೆಯುತ್ತಾರೆಂದು ಗೊತ್ತಾಗಿ ಶಿವಮ್ಮತ್ತಿಗೆ ಹೇಳಿ ಕಳಿಸಿದೆ. ಬಸ್ಸಿನಲ್ಲಿ ಬಂದಳು. ಅಲ್ಲಿ ಎಲ್ಲರೂ ವಿಮಾನದ ಮುಂದೆ ನಿಂತು ನೋಡುತ್ತಿದ್ದರೆ ಅತ್ತಿ ಸೀದಾ ಹೋಗಿ ಕುಕ್ಕರುಗಾಲಲ್ಲಿ ಕೂತು, ಕತ್ತು ಬಗ್ಗಿಸಿ ಅದರ ಹೊಟ್ಟೆ ನೋಡಿದಳು. ಸುತ್ತಲಿನವರು ನಕ್ಕರು. ನನಗೂ ನಾಚಿಕೆಯಾಯಿತು.

“ಹೌದು, ಇದು ನಮ್ದೇ” ಎಂದು ಖಾತ್ರಿ ಮಾಡಿಕೊಂಡ ಮೇಲೆಯೇ ಅವಳು ಎದ್ದು, ಸೆರಗು ಬಿಗಿದು, ಏಣಿ ಹತ್ತಿದ್ದು. ಮೇಲೆ ಹೋದವಳು ಒಳಗೆ ಬಗ್ಗಿ ನೋಡಿದಳು.

“ತಮ್ಮಾ, ಇಲ್ಲಿ ಎರಡು ಕುರ್ಚಿ ಅವ. ಬಾಜೂಕ ಬಾಜೂ.”

ಅಲ್ಲಿದ್ದ ಅಧಿಕಾರಿ ಹಿಂದಿಯಲ್ಲಿ ವಿವರಿಸಿದ. ಎಡಕ್ಕೆ ಕಲಿಯುವವನು, ಬಲಕ್ಕೆ ಕಲಿಸುವವನು, ಹಿಡಿಕೆ ಇಬ್ಬರ ಕೈಯಲ್ಲೂ ಇರುತ್ತದೆ. ವಾಪಸು ಹೋಗುವ ದಾರಿಯುದ್ದಕ್ಕೂ ಅತ್ತಿ ಒಂದೇ ಮಾತು ಹೇಳಿದಳು: “ಇಷ್ಟು ದಿನ ಒಬ್ಬನೇ ಅಂತ ತಿಳಿದಿದ್ದೆ.”

ಆ ವರ್ಷದ ಕಡ್ಡಿಯಂಥ ದಂಟಿನಲ್ಲಿ ಅವಳು ಮೊದಲ ಸಲ ಮೇಲ್ಭಾಗವಿರುವ ವಿಮಾನ ಮಾಡಿದಳು. ಒಳಗೆ ಬೆಂಡಿನ ಇಬ್ಬರನ್ನು ಕೂರಿಸಿ ಮಾಮಾನ ಮುಂದಿಟ್ಟಳು. ಮಾಮಾ ತಿರುಗಿಸಿ ಮುರುಗಿಸಿ ನೋಡಿದರು.

“ಇಷ್ಟು ಸಣ್ಣದರಾಗ ಇಬ್ಬರು ಕೂತ್ರ ಹಾರ್ತದೇನು?”

“ದಿನಾ ನಿಮ್ಮ ತಲಿ ಮ್ಯಾಲೇ ಹಾರ್ತದಲ್ಲರಿ.”

ಮಾಮಾ ವಿಮಾನವನ್ನು ಮೆಲ್ಲಗೆ ಕೆಳಗಿಟ್ಟು, “ಹಂಗಾದರ ನಿನ್ನ ಗಂಟೂ ಕಟ್ಟು” ಎಂದರು.

ಹೊರಡುವಾಗ ಅತ್ತಿ ಆ ವಿಮಾನವನ್ನು ನಮ್ಮ ಮನೆಯ ತೊಲೆಗೆ ತೂಗುಹಾಕಿದಳು. ಮಳೆ ಹಿಡಿದ ವರ್ಷ ಇಬ್ಬರೂ ಊರಿಗೆ ಮರಳಿದಾಗ ಅವಳು ಗೋಡೆಗೆ ಸಿಮೆಂಟು ಮೆತ್ತಿ ಗಿಲಾವ್ ಮಾಡುವುದನ್ನು ಕಲಿತು ಬಂದಿದ್ದಳು. ತನ್ನ ಮನೆಯ ಗೋಡೆಗಳಿಗೆ ತಾನೇ ಗಿಲಾವ್ ಮಾಡಿದಳು. ಮಾಮಾ ಕಟ್ಟೆಯ ಮೇಲೆ ಕೂತು ಹೋಗಿ ಬರುವವರನ್ನೆಲ್ಲ ಕರೆದು ಗೋಡೆ ಸವರಿಸಿ ಕಳಿಸುತ್ತಿದ್ದರು. ಈಗ ಇಬ್ಬರೂ ಇಲ್ಲ. ಊರು ಬಿಟ್ಟು ಬಂದಾಗ ನಾನು ವಿಮಾನವನ್ನು ಬಟ್ಟೆಯಲ್ಲಿ ಸುತ್ತಿ ತಂದು ಇಲ್ಲಿಯೂ ಮೇಲೆಯೇ ಕಟ್ಟಿದೆ. ಅತ್ತಿಯ ವಿಮಾನವನ್ನು ಕೆಳಗಿನಿಂದಲೇ ನೋಡಬೇಕೆಂಬ ಅಭ್ಯಾಸ ನನ್ನದು.

ನಿನ್ನೆ ಅದರ ಬೆನ್ನ ಮೇಲಿನ ಧೂಳು ಊದಿದಾಗ ಇಬ್ಬರ ಮುಖವೂ ಮೊದಲ ಸಲ ಸರಿಯಾಗಿ ಕಂಡಿತು. ಎಡಗಡೆ ಕೂತವನ ತಲೆಗೆ ಬಿಳಿ ದಾರದ ರುಮಾಲು ಸುತ್ತಿದೆ. ಬಲಗಡೆಯವಳ ಹಣೆಯಲ್ಲಿ ಕುಂಕುಮವಿದೆ. ನಮ್ಮತ್ತಿ ಕಲಿಸುವವರ ಕುರ್ಚಿಯಲ್ಲಿ ಕೂತಿದ್ದಾಳೆ. ನನಗೆ ಹೆಮ್ಮೆಯಿಂದ ಕಣ್ಣು ತುಂಬಿ ಬಂತು, ಜೊತೆಗೆ ನಗುವೂ ಬಂತು.

“ಮತ್ತ ಮ್ಯಾಲ ಕಟ್ಲೇನ್ರಿ?” ಎಂದಳು ಸ್ಟೂಲಿನ ಮೇಲಿದ್ದ ಹೆಂಡತಿ.

ಬೇಡವೆಂದೆ. ಈಗ ಅದು ಮೇಜಿನ ಮೇಲೆ, ನನ್ನ ಮರದ ವಿಮಾನಗಳ ಮುಂದಿದೆ. ನನ್ನವು ಅಳತೆಗೆ ಸರಿ, ಆದರೆ ಒಂದರಲ್ಲೂ ಯಾರೂ ಕೂತಿಲ್ಲ. ಇಂದು ಬೆಳಿಗ್ಗೆಯಿಂದ ದೊಡ್ಡ ಕಿರಣ್‌ನ ಮುಚ್ಚಳ ತೆಗೆದು, ಎಡಗಡೆಗೆ ನನ್ನಂತೆ ಕನ್ನಡಕ ಹಾಕಿದ ಒಬ್ಬನನ್ನು ಕೆತ್ತಿ ಕೂರಿಸಿದ್ದೇನೆ. ಬಲಗಡೆಗೆ ಯಾರು ಬರುತ್ತಾರೆಂದು ಫ್ಯಾನು ಒರೆಸಿದವಳಿಗೆ ಇನ್ನೂ ಹೇಳಿಲ್ಲ.