ಬಲಸುತ್ತು, ಎಡಸುತ್ತು

ಈ ದಿನ ಬೆಳಿಗ್ಗೆ ಮಂಚದ ಕೆಳಗೆ ಪೊರಕೆ ಆಡಿಸುವಾಗ ಒಂದು ಒಂಟಿ ಕಾಲುಚೀಲ ಹೊರಗೆ ಬಂತು. ಬೂದು ಬಣ್ಣದ್ದು. ಹಿಮ್ಮಡಿಗೆ ಅಂಟಿದ ಕೆಮ್ಮಣ್ಣು ಇನ್ನೂ ಹಾಗೇ ಇದೆ. ಎಷ್ಟು ಒಗೆದರೂ ಹೋಗದ ಮಣ್ಣು ಅದು. ಕಡೂರಿನ ನಮ್ಮ ಮನೆಯ ಹಿಂದಿನ ಮೈದಾನದ್ದು. ಕಸದ ಜೊತೆ ಹಾಕಲು ಮನಸ್ಸು ಬರದೆ, ಪೊರಕೆ ಹಿಡಿದುಕೊಂಡೇ ಸ್ವಲ್ಪ ಹೊತ್ತು ಮಂಚದ ಮೇಲೆ ಕುಳಿತೆ. ಕುಳಿತ ಮೇಲೆ ಶೈಲಾ ನೆನಪಾಗದೆ ಇರುತ್ತಾಳೆಯೇ?

ಶೈಲಾ ನನ್ನ ತಂಗಿಯ ಮಗಳು, ಪಂಚನಹಳ್ಳಿಯವಳು. ಕೆಲವು ವರ್ಷಗಳ ಹಿಂದೆ ಪೊಲೀಸ್ ಪರೀಕ್ಷೆಗೆ ಓದುತ್ತೇನೆಂದು ನಮ್ಮಲ್ಲಿ ಬಂದು ಉಳಿದಳು. ಅದಕ್ಕೂ ಮುಂಚೆ ಒಮ್ಮೆ ಬರೆದು ಸ್ವಲ್ಪದರಲ್ಲಿ ತಪ್ಪಿತ್ತು. ಈ ಸಲವೂ ತಪ್ಪಿದರೆ ಮತ್ತೆ ಅರ್ಜಿ ಹಾಕುವ ಹಾಗಿರಲಿಲ್ಲ, ವಯಸ್ಸಿನ ಮಿತಿ ದಾಟಿಬಿಡುತ್ತಿತ್ತು. ಆ ಮಾತನ್ನು ಅವಳು ಒಂದೇ ಸಲ, ಬಂದ ದಿನ, ಬ್ಯಾಗು ಇಳಿಸುವಾಗ ಹೇಳಿದಳು. ಆಮೇಲೆ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಓದಿಸುವ ಕೆಲಸ ನನ್ನ ಪಾಲಿಗೆ ಬಂತು. ಅಡುಗೆಮನೆಯಲ್ಲಿ ಗೈಡು ತೆರೆದಿಟ್ಟುಕೊಂಡು ನಾನು ಪ್ರಶ್ನೆ ಕೇಳುವುದು, ಅವಳು ಸೊಪ್ಪು ಬಿಡಿಸುತ್ತಾ ಉತ್ತರ ಹೇಳುವುದು. ರಾಜ್ಯಪಾಲರ ಅಧಿಕಾರಗಳ ಪುಟದ ಮೇಲೆ ಈಗಲೂ ಸಾರಿನ ಕಲೆ ಇದೆ. ಅವಳಿಗೆ ಎಷ್ಟು ಉಪಯೋಗವಾಯಿತೋ ಕಾಣೆ, ನನಗಂತೂ ಟೀವಿಯಲ್ಲಿ ಯಾರಾದರೂ ಸಂವಿಧಾನದ ವಿಧಿಯ ನಂಬರು ತಪ್ಪು ಹೇಳಿದರೆ ಸೌಟು ಎತ್ತಿ ತಿದ್ದುವ ಚಟ ಹತ್ತಿತು. ಅಂತೂ ಬರವಣಿಗೆಯ ಪರೀಕ್ಷೆಯಲ್ಲಿ ಪಾಸಾದಳು. ಉಳಿದಿದ್ದು ಮೈದಾನದ ಪರೀಕ್ಷೆ: ಓಟ, ಜಿಗಿತ, ಗುಂಡು ಎಸೆತ. ಜಿಗಿತ, ಎಸೆತದ ಭಯ ಅವಳಿಗಿರಲಿಲ್ಲ. ಕೊಟ್ಟ ಸಮಯದೊಳಗೆ ಟ್ರ್ಯಾಕಿನ ಒಂದು ಪೂರ್ತಿ ಸುತ್ತು ಓಡಬೇಕಿತ್ತಲ್ಲ, ಅದೇ ಪ್ರಾಣಸಂಕಟ.

ನಮ್ಮ ಮೈದಾನವನ್ನು ನೀವು ನೋಡಿಲ್ಲವಲ್ಲ, ಹೇಳುತ್ತೇನೆ. ಅದರ ನಟ್ಟನಡುವೆ ಒಂದು ಅಶ್ವತ್ಥಕಟ್ಟೆ, ಕಟ್ಟೆಯ ಮೇಲೆ ನಾಗರಕಲ್ಲುಗಳು. ಬೆಳಗಿನ ವಾಕಿಂಗಿಗೆ ಬರುವವರೆಲ್ಲ ಕಟ್ಟೆಯನ್ನು ಬಲಗಡೆ ಇಟ್ಟುಕೊಂಡು ಸುತ್ತುತ್ತಾರೆ. ಯಾರೂ ಹಾಗೆಂದು ಬೋರ್ಡು ಹಾಕಿಲ್ಲ. ಸಕ್ಕರೆ ಕಾಯಿಲೆಗೆಂದು ನಡೆಯುವವರೂ ಪ್ರದಕ್ಷಿಣೆಯನ್ನೇ ಹಾಕುತ್ತಾರೆ. ಶೈಲಾಳೂ ಆ ಪ್ರವಾಹಕ್ಕೆ ಸೇರಿಕೊಂಡು ಹಾಗೆಯೇ ಓಡಿದಳು. ತಿಂಗಳುಗಟ್ಟಲೆ ಓಡಿ, ಕೊಟ್ಟ ಸಮಯಕ್ಕಿಂತ ಮುಂಚೆಯೇ ಮುಗಿಸುವಷ್ಟು ಪಳಗಿದಳು. ಶಾಲೆಯಲ್ಲಿ ಓಡುವ ದಿಕ್ಕು ಹೇಳಿಕೊಡುವುದಿಲ್ಲವೇ ಎಂದು ನೀವು ಕೇಳಬಹುದು. ನಮ್ಮ ಕಾಲದಲ್ಲಿ ಹೆಣ್ಣುಮಕ್ಕಳಿಗೆ ನಿಂಬೆಹಣ್ಣು, ಚಮಚ; ಅವಳ ಶಾಲೆಯ ಅಂಗಳದಲ್ಲಿ ಈ ಗೋಡೆಯಿಂದ ಆ ಗೋಡೆಗೆ ನೇರ ಓಟ. ಸುತ್ತುವುದಕ್ಕೆ ಜಾಗವೇ ಇರಲಿಲ್ಲ.

ಪರೀಕ್ಷೆಗೆ ಮೂರು ವಾರ ಇದ್ದಾಗ, ತರೀಕೆರೆಯಲ್ಲಿ ನಿವೃತ್ತ ಡ್ರಿಲ್ ಮೇಷ್ಟ್ರೊಬ್ಬರು ಸುಣ್ಣದ ಗೆರೆ ಎಳೆದು ಹುಡುಗಿಯರನ್ನು ಪರೀಕ್ಷೆಯ ಹಾಗೆಯೇ ಓಡಿಸಿ ನೋಡುತ್ತಾರೆಂದು ಕೇಳಿ, ಇಬ್ಬರೂ ಬೆಳಗಿನ ಬಸ್ಸು ಹತ್ತಿದೆವು. ಮೇಷ್ಟ್ರು ಎಲ್ಲರನ್ನೂ ಗೆರೆಯ ಮೇಲೆ ನಿಲ್ಲಿಸಿದರು. ಹುಡುಗಿಯರೆಲ್ಲ ಆ ಕಡೆ ಮುಖ ಮಾಡಿ ನಿಂತಿದ್ದರೆ ನಮ್ಮ ಶೈಲಾ ಒಬ್ಬಳೇ ಈ ಕಡೆಗೆ ಮುಖ ಮಾಡಿ ನಿಂತಿದ್ದಾಳೆ.

"ಏನವ್ವಾ, ಪರೀಕ್ಷೆ ಬ್ಯಾಡ ಅಂತ ಊರಿಗೆ ಹೊಂಟ್ಯಾ?" ಎಂದರು ಮೇಷ್ಟ್ರು.

ಎಲ್ಲರೂ ನಕ್ಕರು. ಅವಳೂ ನಗುತ್ತಲೇ ತಿರುಗಿ ನಿಂತಳು. ಸೀಟಿ ಊದಿದರು. ನೇರ ಹಾದಿಯಲ್ಲಿ ಎಲ್ಲರಿಗಿಂತ ಮುಂದಿದ್ದಳು. ತಿರುವು ಬಂತು ನೋಡಿ, ಮೈ ಒಳಗೆ ವಾಲಬೇಕಾದ ಕಡೆ ಹೊರಗೆ ವಾಲಿತು. ಒಂದೊಂದೇ ಗೆರೆ ದಾಟುತ್ತಾ ಅಂಚಿನವರೆಗೂ ಜಾರಿಹೋದಳು. ಅವಳು ಬಂದು ಮುಟ್ಟುವ ಹೊತ್ತಿಗೆ ಸಮಯ ಮುಗಿದಿತ್ತು.

"ಕಾಲು ನನ್ನ ಮಾತೇ ಕೇಳ್ಲಿಲ್ಲ ದೊಡ್ಡಮ್ಮ," ಎಂದಳು. ಈಗ ನಗು ಇರಲಿಲ್ಲ.

ಎಡಗೈ ಒಳಗಡೆಗೆ ಬರುವ ಹಾಗೆಯೇ ಏಕೆ ಓಡಬೇಕು ಎಂದು ನಾನು ಮೇಷ್ಟ್ರನ್ನು ಕೇಳಿದೆ. ಅದು ರೂಲ್ಸು, ತಾನು ಕೆಲಸಕ್ಕೆ ಸೇರಿದಾಗಿನಿಂದ ಹಾಗೇ ಓಡಿಸುತ್ತಿದ್ದೇನೆ ಎಂದರು. ವಾಪಸು ಬರುವ ಬಸ್ಸಿನಲ್ಲಿ ಬೀರೂರು ದಾಟುವವರೆಗೂ ಶೈಲಾ ಕಿಟಕಿಯ ಕಡೆಗೇ ನೋಡುತ್ತಿದ್ದಳು. ನನ್ನ ತಲೆಯಲ್ಲಿ ಮಾತ್ರ ಆ ಪ್ರಶ್ನೆ ಹುಳುವಿನಂತೆ ಹೊಕ್ಕಿತು. ಹೃದಯ ಎಡಗಡೆ ಇರುವುದಕ್ಕೆ ಎಂದರು ಔಷಧಿ ಅಂಗಡಿಯವರು. ಕಣದಲ್ಲಿ ಎತ್ತುಗಳನ್ನು ಯಾವ ಕಡೆಗೆ ಸುತ್ತಿಸುತ್ತಿದ್ದರು ಎಂದು ಯಜಮಾನರನ್ನು ಕೇಳಿದರೆ, ಕೈಯನ್ನು ಗಾಳಿಯಲ್ಲಿ ಎರಡೂ ಕಡೆ ತಿರುಗಿಸಿ ನೋಡಿ, ಸುಮ್ಮನೆ ಪೇಪರ್ ಎತ್ತಿಕೊಂಡರು. ಉಪ್ಪಿಟ್ಟು ಕೆದಕುವಾಗ ನನ್ನ ಕೈ ಯಾವ ಕಡೆ ಹೋಗುತ್ತದೆ ಎಂದು ಗಮನಿಸಲು ಹೋದೆ. ಕೈಗೆ ಅನುಮಾನ ಬಂದು ಅರ್ಧದಲ್ಲೇ ನಿಂತಿತು, ಉಪ್ಪಿಟ್ಟು ತಳ ಹಿಡಿಯಿತು.

ಮರುದಿನದಿಂದಲೇ ಶೈಲಾ ಕಟ್ಟೆಯನ್ನು ಎಡಗಡೆ ಇಟ್ಟುಕೊಂಡು ಓಡತೊಡಗಿದಳು. ಇಡೀ ಊರು ಒಂದು ಕಡೆಗೆ, ಅವಳು ಎದುರು ಕಡೆಗೆ. ಒಬ್ಬರು ಪಕ್ಕಕ್ಕೆ ಹಾರಿದರು, ಇನ್ನೊಬ್ಬರು ಗೊಣಗಿದರು. ಊರುಗೋಲು ಹಿಡಿದು ಬರುತ್ತಿದ್ದ ಹಿರಿಯರೊಬ್ಬರು ಅಡ್ಡ ನಿಂತೇಬಿಟ್ಟರು.

"ಅಶ್ವತ್ಥಕ್ಕೆ ಎಡಸುತ್ತು ಹಾಕ್ತಿದ್ದೀಯಲ್ಲ ಮಗ, ಒಳ್ಳೇದಲ್ಲ ಕಣವ್ವ."

"ನಾನು ಮರ ಸುತ್ತುತಾ ಇಲ್ಲ ತಾತ," ಎಂದಳು ಶೈಲಾ ಏದುಸಿರಿನಲ್ಲಿ. "ಕೆಲಸ ಸುತ್ತುತಾ ಇದ್ದೀನಿ. ಅದು ಈ ಕಡೆಯಿಂದ ಸುತ್ತಿದರೇನೇ ಸಿಗಾದು."

ಮೈದಾನದ ಅಂಚಿನಲ್ಲಿ ಕೂತು ನೋಡುತ್ತಿದ್ದ ನಾನು ಎದ್ದು ನಿಂತೆ. ಹಿರಿಯರು ಬೈಯಲಿಲ್ಲ. ಕಟ್ಟೆಯ ಕಡೆ ಒಮ್ಮೆ, ಅವಳ ಕಡೆ ಒಮ್ಮೆ ನೋಡಿದರು. "ಹಂಗಾದ್ರೆ ಓಡು. ಎಲ್ಲಾ ಮುಗಿದ್ಮೇಲೆ ಬಲಕ್ಕೆ ಒಂದು ಸುತ್ತು ನಡೆದ್ಬಿಟ್ಟು ಮನೆಗೆ ಹೋಗು. ಸರಿ ಹೋಯ್ತದೆ." ಅಷ್ಟೇ ಅಲ್ಲ, ಮಾರನೆಯ ದಿನ ವಾಕಿಂಗಿನವರನ್ನೆಲ್ಲ ಊರುಗೋಲಿನಿಂದಲೇ ಹೊರಗಿನ ಸುತ್ತಿಗೆ ಸರಿಸಿ, ಒಳಸುತ್ತನ್ನು ಅವಳಿಗೆ ಬಿಡಿಸಿಕೊಟ್ಟರು. ಓಡಿದ ಮೇಲೆ ಹಾಗೆ ನಿಧಾನ ನಡೆಯುವುದು ಕಾಲಿಗೂ ಒಳ್ಳೆಯದಂತೆ. ಅದನ್ನು ತರೀಕೆರೆಯ ಮೇಷ್ಟ್ರು ಆಮೇಲೆ ಫೋನಿನಲ್ಲಿ ಹೇಳಿದರು.

ಪರೀಕ್ಷೆಯ ದಿನ ನಮ್ಮಂಥವರನ್ನು ಗೇಟಿನ ಹೊರಗೇ ನಿಲ್ಲಿಸಿದ್ದರು. ಒಳಗಿನಿಂದ ಸೀಟಿ ಕೇಳುತ್ತಿತ್ತು, ಯಾರ ಓಟದ್ದೆಂದು ತಿಳಿಯುತ್ತಿರಲಿಲ್ಲ. ಪ್ರತಿ ಸೀಟಿಗೂ ನಾನು ಅವಳಿಗಾಗಿ ಒಂದು ಸುತ್ತು ಓಡಿದೆ, ನಿಂತಲ್ಲೇ. ಮಧ್ಯಾಹ್ನದ ಹೊತ್ತಿಗೆ ಹೊರಗೆ ಬಂದು, "ಆಯ್ತು ದೊಡ್ಡಮ್ಮ," ಎಂದಳು. ಹೋಟೆಲಿನಲ್ಲಿ ಎರಡು ಪ್ಲೇಟು ಇಡ್ಲಿ ಮುಗಿಸಿದಳು. ತಿರುವಿನಲ್ಲಿ ಏನಾಯಿತು, ಪಕ್ಕದಲ್ಲಿ ಯಾರಿದ್ದರು ಎಂದೆಲ್ಲ ನಾನು ಕೇಳಿದ್ದಕ್ಕೆ, "ಏನೂ ಕಾಣ್ಲಿಲ್ಲ. ಎಡಗಡೆ ಇದ್ದ ಸುಣ್ಣದ ಗೆರೆ ಒಂದೇ ಕಾಣ್ತಿತ್ತು," ಎಂದಳು. ಆ ಗೆರೆ ಅವಳನ್ನು ಕೆಲಸದ ಬಾಗಿಲಿಗೇ ತಂದು ಬಿಟ್ಟಿತು. ಈಗ ಬೇರೆ ಜಿಲ್ಲೆಯಲ್ಲಿ ಕಾನ್‌ಸ್ಟೇಬಲ್ ಆಗಿದ್ದಾಳೆ.

ಅವಳು ಹೋದ ಮೇಲೂ ನನಗೆ ಬೆಳಗಿನ ಎಚ್ಚರ ತಪ್ಪಲಿಲ್ಲ. ಮೊದಲು ಕೂತು ನೋಡುತ್ತಿದ್ದವಳು ಈಗ ನಾನೂ ನಡೆಯುತ್ತೇನೆ. ಕೆಲಸದ ಪರೀಕ್ಷೆಗೆ ತಯಾರಾಗುವ ಬೇರೆ ಹುಡುಗಿಯರು ಒಳಸುತ್ತಿನಲ್ಲಿ ಎಡಕ್ಕೆ ಓಡುತ್ತಾರೆ, ನಾವು ಹೊರಸುತ್ತಿನಲ್ಲಿ ಬಲಕ್ಕೆ ನಡೆಯುತ್ತೇವೆ. ಎಲ್ಲರೂ ಒಂದೇ ಕಡೆಗೆ ಹೋಗುತ್ತಿದ್ದಾಗ ಮುಂದಿನವರ ಬೆನ್ನು ಮಾತ್ರ ಕಾಣುತ್ತಿತ್ತು. ಈಗ ಪ್ರತಿ ಸುತ್ತಿಗೂ ಮುಖ ಕಾಣುತ್ತದೆ. ಮುಖ ಕಂಡ ಮೇಲೆ ಕೇಳದೆ ಇರಲು ನನಗೆಲ್ಲಿ ಆಗುತ್ತದೆ?

ಈ ಬೆಳಿಗ್ಗೆಯೂ ಮಂಚದಿಂದ ಎದ್ದು, ಗುಡಿಸುವುದನ್ನು ಅಲ್ಲಿಗೇ ಬಿಟ್ಟು ಮೈದಾನಕ್ಕೆ ಹೋದೆ. ದುಪಟ್ಟಾ ಸೊಂಟಕ್ಕೆ ಬಿಗಿದ ಹೊಸ ಹುಡುಗಿಯೊಬ್ಬಳು ಎದುರಿಗೆ ಓಡಿ ಬಂದಳು. ಯಾವ ಊರಮ್ಮಾ ಎಂದೆ. "ಶಿವನಿ, ಆಂಟಿ," ಎಂದು ದಾಟಿಹೋದಳು. ಮತ್ತೆ ಎದುರಾದಾಗ, ರಿಟನ್ ಪರೀಕ್ಷೆ ಪಾಸಾಯಿತೇ ಎಂದೆ. ಓಡುತ್ತಲೇ ಹೌದೆಂದು ತಲೆಯಾಡಿಸಿದಳು. ಮೂರನೆಯ ಸಲ ಎದುರಾದಾಗ, ಇದು ಕಡೆಯ ಅವಕಾಶವೇ ಎಂದು ಕೇಳಿದೆ. ಅವಳು ಉತ್ತರ ಹೇಳುವಷ್ಟರಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ದಾಟಿಯಾಗಿತ್ತು.

ನಾನು ಹೆಜ್ಜೆ ಜೋರು ಮಾಡಿದೆ.